ಎಲ್ಲರೂ ಸಂಪೂರ್ಣವಾಗಿ ಒಪ್ಪಿದ ಊರು

ಹೋದ ವಾರ ನಮ್ಮ ಕಾಲೇಜಿನ ಲೈಬ್ರರಿ ನೋಡಿಕೊಳ್ಳುವವರು ಊಟದ ಡಬ್ಬಿಯ ಮುಚ್ಚಳದಲ್ಲಿ ಒಂದು ಉಂಡೆ ಇಟ್ಟು ನನ್ನ ಮುಂದೆ ತಳ್ಳಿದರು. ಹುರಿದ ಹಿಟ್ಟಿಗೆ ಬೆಲ್ಲ ಕಲಸಿ ಕಟ್ಟಿದ ಉಂಡೆ. ಹಿಟ್ಟು ಕೊಂಚ ಸೀದಿತ್ತು. ಆ ಸೀದ ವಾಸನೆಗೆ ಮಳವಳ್ಳಿ ಕಡೆಯ ಒಂದು ಹಳ್ಳಿಯ ಅಂಗನವಾಡಿ ನೆನಪಾಯಿತು, ಅಲ್ಲಿಯ ಟೀಚರಮ್ಮ ನೆನಪಾದರು. ಸಕ್ಕರೆ ಕಾಯಿಲೆಯ ನೆಪ ಹೇಳಿ ಉಂಡೆಯನ್ನು ಪಕ್ಕದವರಿಗೆ ಕೊಟ್ಟುಬಿಟ್ಟೆ.

ಹದಿನೈದು ವರ್ಷದ ಹಿಂದಿನ ಮಾತು. ಆಗ ನಾನು ಪಿಎಚ್.ಡಿ. ಮಾಡುತ್ತಿದ್ದೆ. ಮಾಡುತ್ತಿದ್ದೆ ಅನ್ನುವುದಕ್ಕಿಂತ ಎಳೆಯುತ್ತಿದ್ದೆ ಅಂದರೆ ಸರಿ. ಮಂಡ್ಯದ ಗುತ್ತಲಿನಲ್ಲಿ ಬಾಡಿಗೆ ಮನೆ, ಮೂರು ವರ್ಷದ ಮಗ, ಕಾಲೇಜಿನ ಪಾಠ, ಉಳಿದ ಹೊತ್ತಿನಲ್ಲಿ ಸಂಶೋಧನೆ. ಹಳ್ಳಿಯ ಹೆಣ್ಣುಮಕ್ಕಳು ಏಳನೇ ತರಗತಿ ಮುಗಿಸಿ ಓದು ಬಿಡುವುದೇಕೆ ಎಂಬುದು ನನ್ನ ವಿಷಯ. ಅದಕ್ಕೆ ನಲವತ್ತು ಹೇಳಿಕೆಗಳ ಒಂದು ಪ್ರಶ್ನಾವಳಿ ಮಾಡಿಕೊಂಡಿದ್ದೆ. ಪ್ರತಿ ಹೇಳಿಕೆಯ ಮುಂದೆ ಐದು ಕಾಲಂ. 'ಸಂಪೂರ್ಣವಾಗಿ ಒಪ್ಪುತ್ತೇನೆ' ಮೊದಲನೆಯದು, 'ಸ್ವಲ್ಪವೂ ಒಪ್ಪುವುದಿಲ್ಲ' ಕೊನೆಯದು. ತಾಯಂದಿರು ಯಾವುದಾದರೂ ಒಂದಕ್ಕೆ ಟಿಕ್ ಹಾಕಬೇಕು, ಓದಲು ಬಾರದವರಿಗೆ ನಾನು ಓದಿ ಹೇಳಬೇಕು. ಮಾರ್ಗದರ್ಶಕರು ಆ ಪ್ರಶ್ನಾವಳಿಯನ್ನು ಏಳು ಸಲ ತಿದ್ದಿಸಿದ್ದರು. ಇನ್ನೊಂದು ಅಕ್ಷರ ಕದಲಿಸಿದರೂ ನನಗೆ ಜ್ವರ ಬರುವಂತಿತ್ತು.

ಮಂಡ್ಯದಿಂದ ಮದ್ದೂರು, ಅಲ್ಲಿಂದ ಮಳವಳ್ಳಿ ಬಸ್ಸು. ಭಾರತೀನಗರದಲ್ಲಿ ಕಾಲೇಜು ಹುಡುಗರೆಲ್ಲ ಇಳಿದ ಮೇಲೆ ಕೂರಲು ಸೀಟು ಸಿಗುತ್ತಿತ್ತು. ಮುಂದೆ ಊರಿನ ದಾರಿ ಒಡೆಯುವ ಗೇಟಿನಲ್ಲಿ ಇಳಿದು ಕಬ್ಬಿನ ಗದ್ದೆಗಳ ನಡುವೆ ಒಂದು ಗಂಟೆ ನಡೆಯಬೇಕು. ಎರಡೂ ಕಡೆ ಕಬ್ಬು ಆಳೆತ್ತರ ಬೆಳೆದಾಗ ಹಾಡುಹಗಲಲ್ಲೇ ನನಗೆ ಎದೆ ಹೊಡೆದುಕೊಳ್ಳುತ್ತಿತ್ತು. ಹೈಸ್ಕೂಲು ಇದ್ದದ್ದು ಆ ಗೇಟಿನಲ್ಲಿ. ಊರಿನ ಹೆಣ್ಣುಮಕ್ಕಳು ಎಂಟನೇ ತರಗತಿಗೆ ಹೋಗಬೇಕೆಂದರೆ ಅದೇ ದಾರಿಯಲ್ಲಿ ದಿನಕ್ಕೆ ಎರಡು ಸಲ ನಡೆಯಬೇಕಿತ್ತು. ಊರಿಗೆ ಬಸ್ಸಿರಲಿಲ್ಲ.

ಟೀಚರಮ್ಮನಿಗೆ ಆಗ ಐವತ್ತರ ಆಸುಪಾಸು. ಕನ್ನಡಕದ ಒಂದು ಕಾಲಿಗೆ ದಾರ ಸುತ್ತಿತ್ತು. ಮೊದಲ ದಿನ ಅಂಗನವಾಡಿ ಬಾಗಿಲಲ್ಲಿ ಬೆವರು ಒರೆಸಿಕೊಳ್ಳುತ್ತ ನಿಂತಿದ್ದ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಏನ್ ತಿಂದ್ಕಂಡ್ ಬಂದ್ರಿ?" ಎಂದು ಕೇಳಿದರು. ಯಾರು, ಯಾಕೆ ಬಂದಿರಿ ಎಂದು ಕೇಳಿದ್ದು ಆಮೇಲೆ. ಹಿಟ್ಟು ಹುರಿದು ಉಂಡೆ ಕಟ್ಟಿ ಕೊಟ್ಟರು. ಹಿಟ್ಟು ಪ್ರತಿಸಲವೂ ಸೀಯಿಸುತ್ತಿದ್ದರು. ಬಾಣಲೆ ಒಲೆಯ ಮೇಲಿಟ್ಟು ಯಾವುದೋ ಮಗುವಿನ ಮೂಗು ಒರೆಸಲು ಹೋಗಿಬಿಡುತ್ತಿದ್ದರು. ಅವರ ಮೂರು ವರ್ಷದ ಮೊಮ್ಮಗಳೂ ಅದೇ ಮಕ್ಕಳ ನಡುವೆ ಕೂತಿರುತ್ತಿತ್ತು.

ಹಗಲು ಹೆಂಗಸರೆಲ್ಲ ಕಬ್ಬಿನ ಗದ್ದೆಯಲ್ಲಿರುತ್ತಿದ್ದರು. ಅವರು ಸಿಗುತ್ತಿದ್ದದ್ದು ಬೆಳಿಗ್ಗೆ ಏಳಕ್ಕೆ ಮುಂಚೆ, ಇಲ್ಲವೇ ಸಂಜೆ ದನ ಕಟ್ಟುವ ಹೊತ್ತಿಗೆ. ಟೀಚರಮ್ಮ ನನ್ನನ್ನು ಮನೆಮನೆಗೂ ಕರೆದೊಯ್ದರು. ನಾಲ್ಕು ಶನಿವಾರ, ನಾಲ್ಕು ಭಾನುವಾರ. ನಡುವಿನ ರಾತ್ರಿ ಅವರ ಮನೆಯಲ್ಲೇ ಮಲಗುತ್ತಿದ್ದೆ. ನಾಯಿ ಇದ್ದ ಮನೆಗೆ ತಾವು ಮುಂದೆ, ನಾನು ಹಿಂದೆ. ನನ್ನ ಚೀಲವನ್ನೂ ಅವರೇ ಹೊರುತ್ತಿದ್ದರು. ಆ ಚೀಲ ನನ್ನ ಹೆಗಲಿಗಿಂತ ಅವರ ಹೆಗಲ ಮೇಲೇ ಹೆಚ್ಚು ಹೊತ್ತು ಇತ್ತೇನೋ...

ದಾರಿಯಲ್ಲಿ ಅವರು ಆಡುತ್ತಿದ್ದದ್ದು ಒಂದೇ ಮಾತು. "ನಮ್ ಉಡ್ಗೀರು ದಡ್ರಲ್ಲ ಮೇಡಮ್ಮೋರೆ. ನನ್ ಮಗ್ಳೂ ಕ್ಲಾಸ್ಗೆ ಪಸ್ಟು. ಆ ದಾರೀಲಿ ಒಬ್ಳೇ ಕಳ್ಸಕ್ಕೆ ಜೀವ ಬರ್ನಿಲ್ಲ ಕಣಮ್ಮ, ಬುಡಿಸ್ಬುಟ್ಟೊ. ನೀವು ದೊಡ್ ಓದು ಓದೀರಿ, ಪಾಸಾದ್ಮೇಲೆ ಬಸ್ಸಿನ್ ಇಸ್ಯ ನಿಮ್ ಬುಕ್ನಲ್ಲಿ ಬರೀರಿ. ಮೊಮ್ಮಗ್ಳ ಓದಾದ್ರೂ ಆಗ್ಲಿ."

ನಾನು ತಲೆಯಾಡಿಸುತ್ತಿದ್ದೆ. ಅದು ನನ್ನ ಪ್ರಶ್ನಾವಳಿಯಲ್ಲಿ ತಾನಾಗಿಯೇ ಬರುತ್ತದೆ ಎಂಬ ಧೈರ್ಯ ನನಗಿತ್ತು. ಹನ್ನೊಂದನೆಯ ಹೇಳಿಕೆಯೇ ಅದು: 'ನಮ್ಮ ಮಗಳು ಹೈಸ್ಕೂಲಿಗೆ ಸುಲಭವಾಗಿ, ಸುರಕ್ಷಿತವಾಗಿ ಹೋಗಿಬರಬಹುದು.' ಎಲ್ಲರೂ ಕೊನೆಯ ಕಾಲಂಗೆ ಟಿಕ್ ಹಾಕುತ್ತಾರೆ, ಕೋಷ್ಟಕ ತಾನೇ ಮಾತಾಡುತ್ತದೆ ಅಂದುಕೊಂಡಿದ್ದೆ. ಯಾರೂ ಹಾಕಲಿಲ್ಲ. ಹನ್ನೊಂದಕ್ಕೂ ಮೊದಲ ಕಾಲಂ, ಹನ್ನೆರಡಕ್ಕೂ ಮೊದಲ ಕಾಲಂ. ಆರಂಭದಲ್ಲಿ ಸಂಕೋಚ ಇರಬೇಕು ಎಂದುಕೊಂಡೆ. ಮನೆಗೆ ಬಂದವರಿಗೆ ಇಲ್ಲ ಅನ್ನದ ಜನ, ಬಂದ ಹೇಳಿಕೆಗೂ ಇಲ್ಲ ಅನ್ನುತ್ತಿಲ್ಲ. ಇಪ್ಪತ್ತು ಮನೆ ದಾಟಿದ ಮೇಲೂ ಹಾಗೇ ನಡೆದಾಗ ಹಿಂದಿನ ಹಾಳೆಗಳನ್ನೆಲ್ಲ ತಿರುವಿ ನೋಡಿದೆ.

ಕೊನೆಯ ಭಾನುವಾರ ಒಬ್ಬ ತಾಯಿ ಜಗಲಿಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಪಕ್ಕದಲ್ಲಿ ಅವಳ ಮಗಳು, ಹಿಂದಿನ ವರ್ಷ ಏಳನೇ ತರಗತಿ ಮುಗಿಸಿ ಮನೆಯಲ್ಲಿ ಉಳಿದವಳು. ಹನ್ನೊಂದನೆಯ ಹೇಳಿಕೆ ಓದಿದೆ. ತಾಯಿ ಕಾಯಿಯಿಂದ ಕಣ್ಣೆತ್ತದೆ, "ಮೊದಲ್ನೇ ಕಾಲಂ" ಅಂದಳು.

"ಮತ್ತೆ ಇವಳನ್ನು ಯಾಕಮ್ಮ ಬಿಡಿಸಿದೆ?"

"ದಾರಿ ಸರಿ ಇಲ್ವಲ್ಲ ಮೇಡಂ."

"ಹಾಗಾದರೆ ಹೀಗೇಕೆ ಹೇಳುತ್ತೀ?"

ಅವಳು ಟೀಚರಮ್ಮನ ಮುಖ ನೋಡಿದಳು. "ಎಲ್ಲಕ್ಕೂ ಮೊದಲ್ನೇದೇ ರೈಟು ಅಂತ ಟೀಚರಮ್ಮನೇ ಏಳ್ಕೊಟ್ಟವ್ರಲ್ಲ. ತಪ್ಪು ಏಳುದ್ರೆ ನಿಮ್ಗೆ ನಂಬರ್ ಕಮ್ಮಿ ಆಗಕಿಲ್ವಾ?"

ಆಗ ತಿಳಿಯಿತು. ನಾನು ಏನೋ ಪಾಸು ಮಾಡಬೇಕು ಎಂದು ಟೀಚರಮ್ಮನಿಗೆ ಗೊತ್ತಿತ್ತು. ಈ ಕಾಗದವೇ ನನ್ನ ಪರೀಕ್ಷೆ, ಹೆಂಗಸರ ಬಾಯಿಂದ ಸರಿಯುತ್ತರ ಬಂದರೆ ನನಗೆ ಅಂಕ ಎಂದು ಅವರು ತಿಳಿದಿದ್ದರು. ಒಪ್ಪುವುದೇ ಸರಿಯುತ್ತರ ಎಂದೂ ಅವರೇ ತೀರ್ಮಾನಿಸಿಕೊಂಡಿದ್ದರು. ಮೊದಲ ದಿನ ನಾನು ತೋರಿಸಿದ ಕಾಗದ ನೋಡಿಕೊಂಡು, ಮನೆ ಸುತ್ತಲು ಹೊರಡುವ ಹಿಂದಿನ ಸಂಜೆ ಹೆಂಗಸರನ್ನೆಲ್ಲ ಅಂಗನವಾಡಿಯಲ್ಲಿ ಕೂರಿಸಿಕೊಂಡು ಪಾಠ ಮಾಡಿದ್ದರು. ಬಸ್ಸಿನ ಮಾತು ಬೇರೆ, ಅದು ನಾನು ಪಾಸಾದ ಮೇಲೆ ಬರೆಯುವುದು ಎಂಬುದು ಅವರ ಲೆಕ್ಕ.

ನನಗೆ ಸಿಟ್ಟು ನೆತ್ತಿಗೇರಿತು. ಆ ತಾಯಿ ಮಗಳ ಎದುರೇ ಟೀಚರಮ್ಮನ ಮೇಲೆ ಕೂಗಾಡಿದೆ. ನಾಲ್ಕು ವಾರದ ಕೆಲಸ ಮಣ್ಣುಪಾಲು ಮಾಡಿದಿರಿ, ಯಾರು ಹೇಳಿದ್ದು ನಿಮಗೆ ಇದನ್ನೆಲ್ಲ ಮಾಡಿ ಅಂತ... ಇನ್ನೂ ಏನೇನೋ ಅಂದೆ. ಬರೆಯಲು ನಾಚಿಕೆಯಾಗುತ್ತದೆ. ನನ್ನ ಉಸಿರು ತಹಬಂದಿಗೆ ಬಂದ ಮೇಲೆ ಅವರು ಮೆಲ್ಲಗೆ ಕೇಳಿದರು: "ಅಂಗಾರೆ ಪೇಲಾಯ್ತೀರಾ? ತಿರ್ಗ ಬರ್ಸನ ಬುಡಿ. ಈ ಸಲ ದಿಟನೇ ಏಳಿ ಅಂತ ನಾನೇ ಏಳ್ತೀನಿ."

ತಿರುಗಿ ಬರೆಸಬಹುದಿತ್ತು. ಇನ್ನು ನಾಲ್ಕು ವಾರ ಬೇಕಾಗುತ್ತಿತ್ತು, ಅಷ್ಟೇ. ನನ್ನ ಬಳಿ ರಜೆ ಉಳಿದಿರಲಿಲ್ಲ, ಮಗನಿಗೆ ಕೆಮ್ಮು, ಪ್ರಬಂಧ ಸಲ್ಲಿಸುವ ದಿನ ಎರಡು ಸಲ ಮುಂದೆ ಹೋಗಿತ್ತು. ಮಾರ್ಗದರ್ಶಕರಿಗೆ ಫೋನು ಮಾಡಿದರೆ, "ಬಂದ ಉತ್ತರ ಬಂದ ಹಾಗೇ ಇರಲಿ, ಮುಗಿಸಿಬಿಡಿ" ಅಂದರು. ಅವರಿಗೂ ಸಾಕಾಗಿತ್ತೋ ಏನೋ. ಹಾಗೆಂದು ತಪ್ಪನ್ನು ಅವರ ತಲೆಗೆ ಕಟ್ಟಲಾರೆ. ಊರಿನಲ್ಲಿ ನಡೆದದ್ದನ್ನು ಪ್ರಬಂಧದಲ್ಲಿ ಅಧ್ಯಯನದ ಕೊರತೆಗಳನ್ನು ಒಪ್ಪಿಕೊಳ್ಳುವ 'ಮಿತಿಗಳು' ಪುಟದಲ್ಲಿ ಬರೆಯಲು ನಾಲ್ಕು ಸಾಲು ಸಾಕಿತ್ತು. ಮೌಖಿಕ ಪರೀಕ್ಷೆಯಲ್ಲಿ ಯಾರಾದರೂ ಅದನ್ನೇ ಹಿಡಿದುಕೊಂಡರೆ ಎಂಬ ಹೆದರಿಕೆಗೆ ಆ ನಾಲ್ಕು ಸಾಲನ್ನೂ ಬರೆಯಲಿಲ್ಲ. ನನಗೆ ಮುಗಿದರೆ ಸಾಕಿತ್ತು.

ಅವತ್ತು ಸಂಜೆ ಟೀಚರಮ್ಮ ಗೇಟಿನವರೆಗೂ ನನ್ನ ಜೊತೆ ನಡೆದು ಬಂದರು. ಬಸ್ಸು ಬಂದಾಗ ಚೀಲ ಕೈಗೆ ಕೊಟ್ಟು, "ತಪ್ಪಾಯ್ತು ಕಣಮ್ಮ. ಬಸ್ಸಿನ್ ಇಸ್ಯ ಮರೀಬ್ಯಾಡಿ" ಅಂದರು. ಬರೀತೀನಿ ಅಂದೆ. ಹತ್ತಿ ಕೂತು ಕಿಟಕಿಯಿಂದ ನೋಡಿದಾಗ ಅವರು ಆಗಲೇ ತಿರುಗಿ ಕಬ್ಬಿನ ದಾರಿ ಹಿಡಿದಿದ್ದರು...

ಪರೀಕ್ಷಕರು ನನ್ನ ಪ್ರಶ್ನಾವಳಿಯನ್ನು ಮೆಚ್ಚಿಕೊಂಡರು. ಉತ್ತರಗಳು ಇಷ್ಟು ಸ್ಥಿರವಾಗಿ ಬರುವುದು ಅಪರೂಪ ಎಂದರು. ಹೆಸರಿನ ಹಿಂದೆ ಡಾಕ್ಟರ್ ಸೇರಿತು. ಟೀಚರಮ್ಮನಿಗೆ ಹೇಳಿಬರೋಣ ಎಂದು ಎರಡು ಸಲ ಮದ್ದೂರಿನವರೆಗೆ ಹೋಗಿ, ಏನು ಹೇಳುವುದು ಎಂದು ತಿಳಿಯದೆ ವಾಪಸ್ಸು ಬಂದೆ. ಆಮೇಲೆ ಅದನ್ನೂ ಬಿಟ್ಟೆ.

ಈಗ ನಾನೇ ಮಾರ್ಗದರ್ಶಕಿ. ನನ್ನ ಸಂಶೋಧನಾ ವಿದ್ಯಾರ್ಥಿನಿಯೊಬ್ಬಳು ಮೊನ್ನೆ ತನ್ನ ಪ್ರಶ್ನಾವಳಿ ತಂದು ಮೇಜಿನ ಮೇಲಿಟ್ಟಳು. ಶಾಲೆಯ ದೂರದ ಬಗ್ಗೆ ಇದ್ದ ಮೂರು ಪ್ರಶ್ನೆಗಳನ್ನು ಹೊಡೆದು ಹಾಕಿದ್ದಳು. ಯಾಕಮ್ಮ ಎಂದರೆ, "ಆ ಕಡೆ ಅದು ಸಮಸ್ಯೆಯಲ್ಲ ಅಂತ ನಿಮ್ಮ ಥೀಸಿಸ್‌ನಲ್ಲೇ ಬಂದಿದೆಯಲ್ಲ ಮೇಡಂ" ಅಂದಳು. ನಡೆದದ್ದನ್ನು ಆಗಲೇ ಹೇಳಬಹುದಿತ್ತು. ಆ ಪ್ರಶ್ನೆಗಳು ಇರಲಿ ಎಂದಷ್ಟೇ ಹೇಳಿ, ಊರಿನ ಹೆಸರು ಬರೆದುಕೊಟ್ಟು, ಅಲ್ಲಿಯ ಅಂಗನವಾಡಿ ಟೀಚರಮ್ಮನನ್ನು ಮೊದಲು ಮಾತಾಡಿಸು ಎಂದು ಕಳಿಸಿದೆ.

ನಿನ್ನೆ ಅವಳು ಹೋಗಿ ಬಂದಳು. ಟೀಚರಮ್ಮ ತೀರಿಕೊಂಡು ಎರಡು ವರ್ಷವಾಯಿತಂತೆ. ಊರಿಗೆ ಇನ್ನೂ ಬಸ್ಸಿಲ್ಲ. ಹೆಂಗಸರಿಗೆಲ್ಲ ಬಸ್ಸು ಪುಕ್ಕಟೆಯಾದ ಮೇಲೂ ಗೇಟಿನವರೆಗೆ ಅದೇ ಕಬ್ಬಿನ ದಾರಿಯಲ್ಲಿ ನಡೆಯಬೇಕು. ಮನೆಯಲ್ಲಿ ಮಾತಿಗೆ ಸಿಕ್ಕಿದವಳು ಮೊಮ್ಮಗಳು. ಅವಳೂ ಏಳನೇ ತರಗತಿಗೆ ಬಿಟ್ಟವಳು. ಅವಳ ಮಾತನ್ನು ನನ್ನ ವಿದ್ಯಾರ್ಥಿನಿ ಬರೆದುಕೊಂಡು ಬಂದಿದ್ದಳು, ಹಾಗೆಯೇ ಓದಿದಳು: "ನಮ್ಮಜ್ಜಿ ಸಾಯೋಗಂಟ ಅದ್ನೇ ಏಳ್ತಿತ್ತು. ಮಂಡ್ಯದ ಮೇಡಮ್ಮು ಬಸ್ಸಿನ್ ಇಸ್ಯ ಬುಕ್ನಲ್ಲಿ ಬರ್ದವ್ರೆ, ಬತ್ತದೆ ತಾಳ್ರವ್ವ ಅಂತ."

ಓದಿ ಮುಗಿಸಿ ನನ್ನ ಪ್ರಬಂಧವನ್ನು ಲೈಬ್ರರಿಯಿಂದ ತಂದು ಮುಂದೆ ಇಟ್ಟಳು. ನಡುವೆ ಅಲ್ಲಲ್ಲಿ ಕಾಗದದ ಚೂರು ಸಿಕ್ಕಿಸಿದ್ದಳು.

"ಎಲ್ಲ ಹುಡುಕಿದೆ ಮೇಡಂ, ಬಸ್ಸಿನ ವಿಷಯ ಸಿಗಲಿಲ್ಲ. ಯಾವ ಪುಟದಲ್ಲಿದೆ?"

ನಾನು ಬರೆಯಲಿಲ್ಲಮ್ಮ, ಅಂದೆ.