ಸೀಸೆಯಲ್ಲ, ಸೀಸ

ಮೊದಲು ಕಡಿಮೆಯಾದದ್ದು ಮಾತು. ನಾಲ್ಕು ವರ್ಷದ ನನ್ನ ಮಗಳು ಚೈತ್ರಾ ಮಹಾ ವಾಚಾಳಿ. ಅಂಥವಳು ಅಂಗನವಾಡಿಯ ಹಾಡನ್ನು ಅರ್ಧಕ್ಕೇ ಬಿಟ್ಟು ನನ್ನ ಮುಖ ನೋಡತೊಡಗಿದಳು. ಆಮೇಲೆ ಹೊಟ್ಟೆನೋವು. ಊಟ ಬೇಡ. ಕೊನೆಗೆ ಬೇಕಾದದ್ದನ್ನು ಬೆರಳು ಮಾಡಿ ತೋರಿಸುವಷ್ಟಕ್ಕೆ ಬಂತು. ಭದ್ರಾವತಿಯ ಡಾಕ್ಟರು ಜಂತುಹುಳುವಿಗೆ ಔಷಧಿ ಕೊಟ್ಟರು, ಅತ್ತೆ ದೃಷ್ಟಿ ತೆಗೆದರು. ನಾನು ಎರಡನ್ನೂ ನಂಬಿದೆ.

ಶಿವಮೊಗ್ಗದ ಮಕ್ಕಳ ಡಾಕ್ಟರಮ್ಮ ಮಾತ್ರ ಬೇರೆಯದೇ ಕೇಳಿದರು. "ಇವಳಪ್ಪ ಏನ್ ಕೆಲಸ ಮಾಡ್ತಾರೆ?"

"ಮಾಚೇನಹಳ್ಳೀಲಿ ಮೇಡಂ, ಹಳೇ ಬ್ಯಾಟರಿ ಒಡೆಯೋ ಶೆಡ್ಡಲ್ಲಿ."

ಅವರು ಬ್ಲಡ್ ಟೆಸ್ಟ್‌ಗೆ ಬರೆದರು. ರಿಪೋರ್ಟ್ ಬಂತು.

"ಮಗು ರಕ್ತದಲ್ಲಿ ಲೆಡ್ ಇದೆ. ಸೀಸ. ಎಲ್ಲಿಂದ ಹೋಗ್ತಿದೆ ಅಂತ ಹುಡುಕ್ಬೇಕು. ನಾಳೆ ಅವಳಪ್ಪನ್ನೂ ಕರ್ಕೊಂಡ್ ಬನ್ನಿ."

ಮನೆಗೆ ಬಂದು ಹೇಳಿದರೆ ಅತ್ತೆಗೆ ಕೇಳಿಸಿದ್ದು ಸೀಸೆ. "ಯಾವ ಸೀಸೆ ಕುಡಿದ್ಲೇ ಮಾರಾಯ್ತಿ!" ಎಂದು ಫಿನಾಯಿಲ್, ಸೀಮೆಎಣ್ಣೆ, ಕೆಮ್ಮಿನ ಔಷಧಿ, ಸಿಕ್ಕ ಬಾಟಲಿಯನ್ನೆಲ್ಲ ಅಂಗಳಕ್ಕೆ ತಂದಿಟ್ಟರು. ಸೀಸೆಯಲ್ಲ ಎಂದು ನಾನು ತಿದ್ದಲಿಲ್ಲ. ಬಾಟಲಿಯಾಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು, ಎಸೆದು ಕೈ ತೊಳೆದುಕೊಳ್ಳಬಹುದಿತ್ತು.

ಮರುದಿನ ಡಾಕ್ಟರಮ್ಮ ನನ್ನ ಗಂಡನನ್ನು ಕೇಳಿದರು. "ಕೆಲಸದ ಬಟ್ಟೆ ಎಲ್ಲಿ ಬಿಚ್ಚಿಡ್ತೀರಿ? ಅದಕ್ಕೆ ಅಂಟಿರೋ ಬ್ಯಾಟರಿ ಧೂಳಲ್ಲೇ ಸೀಸ ಇರುತ್ತೆ."



ಹಿಂದಿನ ದಿನದ ಕೆಲಸದ ಅಂಗಿ ಮನೆಯಲ್ಲಿ ಚೈತ್ರಾಳ ದಿಂಬಿನ ಮೇಲಿತ್ತು.

ಹಸುಗೂಸಾಗಿದ್ದಾಗಿನಿಂದ ಅಪ್ಪನ ಅಂಗಿ ತಬ್ಬಿಕೊಂಡರೇ ಅವಳಿಗೆ ನಿದ್ದೆ. ಒಗೆದದ್ದು ಕೊಟ್ಟರೆ ಮೂಸಿ ನೋಡಿ ಎಸೆಯುತ್ತಿದ್ದಳು. ಮೈಮೇಲಿಂದ ತೆಗೆದದ್ದೇ ಆಗಬೇಕು. ಅದರ ಕಾಲರ್ ಚೀಪುತ್ತಾ ಮಲಗಿದರೆ ನಾವು ನಗುತ್ತಿದ್ದೆವು, ಬಂದವರನ್ನೆಲ್ಲ ಕರೆದು ತೋರಿಸುತ್ತಿದ್ದೆವು. ವಿಷ ಎಂದರೆ ನಾರಬೇಕು, ಕಹಿಯಿರಬೇಕು ಎಂದುಕೊಂಡವಳು ನಾನು. ಇದಕ್ಕೆ ಅವಳಪ್ಪನ ವಾಸನೆಯಿತ್ತು. ಯಾರ ಮೇಲೆ ಸಿಟ್ಟು ಮಾಡಲಿ?

"ಮಾತು ಮೊದಲಿನ ಹಾಗೆ ಬರುತ್ತಾ ಮೇಡಂ?" ಎಂದು ಕೇಳಿದೆ.

"ಬೆಳೆಯೋ ಮಿದುಳು. ಎಷ್ಟು ವಾಪಸ್ ಬರುತ್ತೆ ಅಂತ ಈಗ್ಲೇ ಹೇಳೋಕಾಗಲ್ಲಮ್ಮ. ಮೊದ್ಲು ಧೂಳು ನಿಲ್ಸಿ."

ನಿಲ್ಲಿಸಿದೆವು. ಅಂಗಿಗಾಗಿ ಅವಳು ರಾತ್ರಿಯಿಡೀ ಅತ್ತಳು, ಆದರೂ ಕೊಡಲಿಲ್ಲ. ಡಾಕ್ಟರಮ್ಮ ಬರೆದುಕೊಟ್ಟ ಟಾನಿಕ್ಕು ನಡೆದಿದೆ. ಈಚಿನ ರಿಪೋರ್ಟ್‌ನಲ್ಲಿ ಸೀಸ ಇಳಿದಿದೆ. ನನ್ನ ಗಂಡನಿಗೆ ಬೇರೆ ಕೆಲಸ ಇನ್ನೂ ಸಿಕ್ಕಿಲ್ಲ. ಶೆಡ್ಡಿನಲ್ಲೇ ಬಟ್ಟೆ ಬದಲಿಸಿ ಬರುತ್ತಾರೆ, ಬಂದವರೇ ಬಚ್ಚಲಿಗೆ ಹೋಗುತ್ತಾರೆ. ಅಷ್ಟರಲ್ಲಿ ಅವಳು ಓಡಿ ಬಂದರೆ ಎರಡೂ ಕೈ ಮೇಲೆತ್ತಿ ಗೋಡೆಗೆ ಆತು ನಿಲ್ಲುತ್ತಾರೆ. "ಮುಟ್ಬೇಡ ಮಗಳೇ, ಸ್ನಾನ ಮಾಡ್ಕೊಂಡ್ ಬರ್ತೀನಿ."

ಮೊನ್ನೆ ಅವರು ಬಾಗಿಲಿಗೆ ಬಂದು ಕೈ ಎತ್ತಿ ನಿಂತಾಗ ಚೈತ್ರಾ ಓಡಲಿಲ್ಲ. ಆಟವೆಂದುಕೊಂಡು ತಾನೂ ಎರಡು ಕೈ ಮೇಲೆತ್ತಿ ಗೋಡೆಗೆ ಆತು ನಿಂತಳು.

"ಮುಟ್ಬೇಡ ಮಗಳೇ," ಎಂದಳು ಅಪ್ಪನಿಗೆ.

ಇಷ್ಟು ತಿಂಗಳಲ್ಲಿ ಅವಳಾಗಿ ಆಡಿದ ಮೊದಲ ಇಡೀ ಮಾತು. ಅತ್ತೆ ದೇವರ ಮುಂದೆ ದೀಪ ಹಚ್ಚಿದರು. ನಾನೂ ಕೈ ಮುಗಿದೆ. ಅವಳಪ್ಪ ಎತ್ತಿದ ಕೈ ಇಳಿಸದೆ ಅಲ್ಲೇ ನಿಂತು ಅಳುತ್ತಿದ್ದರು.