ತಾಳೆಯಾಗದ ಸಾಲು

ನಮ್ಮ ಸಂಶೋಧನಾ ಕೇಂದ್ರದ ಆ ಹಿರಿಯರು ರಾಮಕೃಷ್ಣನಗರದಿಂದ ನಡೆದೇ ಬರುತ್ತಿದ್ದರು. ಕೈಯಲ್ಲಿ ಕೊಡೆ ಇರುತ್ತಿತ್ತೋ ಇಲ್ಲವೋ, ಈಗ ಖಚಿತವಿಲ್ಲ. ಯಾವ ದೇಶ ಏನು ತಯಾರಿಸಿತು, ಯಾರಿಗೆ ಕಳಿಸಿತು, ಅಲ್ಲಿ ಅದನ್ನು ಯಾರು ಬಳಸಿದರು ಎಂಬ ದೊಡ್ಡ ಕೋಷ್ಟಕ ಕಟ್ಟುವುದು ನಮ್ಮ ಕೆಲಸ. ಕಳಿಸಿದವರ ಲೆಕ್ಕಕ್ಕೂ ಪಡೆದವರ ಲೆಕ್ಕಕ್ಕೂ ತಾಳೆಯಾಗುವುದೇ ಅಪರೂಪ. ಉಳಿದ ನಾವೆಲ್ಲ ವ್ಯತ್ಯಾಸವನ್ನು ‘ಇತರ ದೇಶಗಳು’ ಎಂಬ ಕಾಲಮ್ಮಿಗೆ ತಳ್ಳುತ್ತಿದ್ದೆವು. ಅವರು ಮಾತ್ರ ಕನ್ನಡಕವನ್ನು ಹಣೆಗೇರಿಸಿ, “ಇಬ್ರ ಲೆಕ್ಕಾನೂ ಇರ್ಲಿ ಕಣಮ್ಮ” ಎಂದು ವ್ಯತ್ಯಾಸಕ್ಕೇ ಒಂದು ಸಾಲು ಬಿಡುತ್ತಿದ್ದರು.

ರೇಷ್ಮೆ ವ್ಯಾಪಾರದ ವರದಿ ಒಪ್ಪಿಸುವ ವಾರ ನಿರ್ದೇಶಕರು ಅವರ ಮೇಜಿನ ಬಳಿ ಬಂದು ನಿಂತರು.

“ಆ ಸಾಲು ತೆಗೀರಿ ಸಾರ್, ಕೋಷ್ಟಕ ಕೂಡ್ಬೇಕು. ಕಾಂಟ್ರಾಕ್ಟ್ ಮುಂದುವರಿಯೋದು ಬೇಡ್ವಾ ನಿಮ್ಗೆ?”

“ಕೂಡ್ಸಿದ್ರೆ ಕೂಡ್ತದೆ. ಆದ್ರೆ ಹೋಗ್ದೇ ಇರೋ ದೇಶಕ್ಕೆ ರೇಷ್ಮೆನ ನಾವೇ ಕಳಿಸ್ಬುಟ್ಟಂಗಾಯ್ತದಲ್ಲ ಸಾರ್?”

ಮುಂದಿನ ಸೋಮವಾರ ಅವರ ಕುರ್ಚಿ ಖಾಲಿಯಿತ್ತು. ಕೋಷ್ಟಕ ಚೊಕ್ಕವಾಗಿ ಕೂಡಿತು.

ಅವರೇ ಬಿಟ್ಟು ಹೋದರು ಎಂದು ಕಚೇರಿಯವರು ಈಗಲೂ ಹೇಳುತ್ತಾರೆ. “ಕಳಿಸ್ಬುಟ್ರು ಕಣಮ್ಮ” ಎಂದು ಆಮೇಲೊಮ್ಮೆ ನಾನು ಕಾಯುತ್ತಿದ್ದ ಬಸ್ ಸ್ಟಾಪಿನಲ್ಲಿ ಸಿಕ್ಕಾಗ ಅವರು ಹೇಳಿದ ನೆನಪು ನನ್ನದು. ಅದು ನಿಜವಾಗಿ ಕೇಳಿದ್ದೋ, ಆಮೇಲೆ ನಾನೇ ಸೇರಿಸಿಕೊಂಡದ್ದೋ. ಕಚೇರಿಯ ಮಾತು, ನನ್ನ ನೆನಪು ಎರಡನ್ನೂ ಇಲ್ಲಿ ಅಕ್ಕಪಕ್ಕ ಬರೆದಿಡುತ್ತಿದ್ದೇನೆ. ಕೇಳಿ ತಾಳೆ ನೋಡೋಣವೆಂದರೆ ಈಗ ಅವರೂ ಇಲ್ಲ.