ಪ್ರಸಾದ ಮೊದಲು, ಮುಡಿ ಆಮೇಲೆ

ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ಅಡುಗೆಮನೆಯೆಲ್ಲ ಪಚ್ಚಕರ್ಪೂರದ ಘಮ. ಶಿಡ್ಲಘಟ್ಟದಿಂದ ಚಿಕ್ಕಮ್ಮ ಕಳಿಸಿದ ತಿರುಪತಿ ಲಾಡು. ಈ ವಾಸನೆಗೆ ನಿಮಗೆ ಭಕ್ತಿ ಉಕ್ಕಬಹುದು, ನನಗೆ ಮಾತ್ರ ನಗು ಬರುತ್ತದೆ. ಯಾಕೆಂದು ಹೇಳುತ್ತೇನೆ, ಕೂತುಕೊಳ್ಳಿ.

ಚಿಕ್ಕಮ್ಮನಿಗೆ ಕ್ಯಾನ್ಸರ್ ಆಗಿ ಬೆಂಗಳೂರಿನ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಚಿಕಿತ್ಸೆ ನಡೆಯಿತು. ಇನ್ನು ಮನೆಗೆ ಹೋಗಬಹುದು ಎಂದು ಡಾಕ್ಟರ್ ಹೇಳಿದ ದಿನ ನಾವೆಲ್ಲ ಹಿಗ್ಗಿದರೆ ಆಕೆ ಮಂಕಾದಳು.

"ಇಲ್ಲಿ ಎಲ್ಲಾರ ತಲೇನೂ ಒಂದೇ ಥರ ಇತ್ತು ಕಣೇ. ನಮ್ಮ ಬೀದೀಲಿ ನಂದೊಂದೇ ಬೋಳು."

ಊರಲ್ಲಿ ಯಾರಿಗೂ ಕಾಯಿಲೆಯ ಹೆಸರು ಹೇಳಿರಲಿಲ್ಲ. ಕೇಳಿದವರಿಗೆಲ್ಲ ಚಿಕ್ಕಪ್ಪ ಗ್ಯಾಸ್ಟ್ರಿಕ್ ಎನ್ನುತ್ತಿದ್ದರು. ಅಷ್ಟು ತಿಂಗಳ ಗ್ಯಾಸ್ಟ್ರಿಕ್ಕನ್ನು ಯಾರು ನಂಬಿದರೋ ದೇವರಿಗೇ ಗೊತ್ತು.

ಕಾರು ಬೀದಿಗೆ ತಿರುಗಿದಾಗ ಚಿಕ್ಕಮ್ಮ ಸೆರಗನ್ನು ಹಣೆಯ ತನಕ ಎಳೆದುಕೊಂಡಳು. ಯಾರ ಕಣ್ಣಿಗೂ ಬೀಳದೆ ಒಳಗೆ ಸೇರಿಕೊಂಡರೆ ಸಾಕಾಗಿತ್ತು ಅವಳಿಗೆ. ಇಳಿಯುವ ಗಡಿಬಿಡಿಯಲ್ಲಿ ಸೆರಗು ಕಾರಿನ ಬಾಗಿಲಿಗೆ ಸಿಕ್ಕಿ ಪೂರ್ತಿ ಜಾರಿತು. ಎದುರು ಮನೆಯ ಮುನಿಲಕ್ಷ್ಮಮ್ಮ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದವರು ತಲೆಯೆತ್ತಿದರು. ನಾನು ಸೆರಗು ಬಿಡಿಸಲು ಬಗ್ಗಿದೆ.

"ಏನಕ್ಕಾ, ತಿರುಪತಿಗೆ ಹೋಗಿದ್ರಾ? ಮುಡಿ ಕೊಟ್ಟು ಬಂದ್ರಾ?" ಎಂದರು.

ಚಿಕ್ಕಮ್ಮ ನನ್ನ ಮುಖ ನೋಡಿದಳು, ಆಮೇಲೆ ಅವರ ಮುಖ. "ಹೂಂ, ಹೋಗಿದ್ವಿ."

"ಮತ್ತೆ ಪ್ರಸಾದ ಎಲ್ಲಿ? ಬೀದಿಗೆಲ್ಲಾ ನೀವೇ ತಂದ್ಕೊಡಬೇಕು. ಹೋಗಿ ಬಂದೋರ ಕೈಯಿಂದ್ಲೇ ಇಸ್ಕೋಬೇಕು."

ತಗೊಳ್ಳಿ, ಇಲ್ಲದ ಯಾತ್ರೆಗೆ ಪ್ರಸಾದ ಹೊಂದಿಸುವ ಕೆಲಸ. ಚಿಕ್ಕಪ್ಪ ಬೇಕರಿಗೆ ಓಡಿ ಲಾಡು ತಂದರು. ಅದನ್ನು ಪುಡಿ ಮಾಡಿ, ಕಲ್ಲುಸಕ್ಕರೆ, ಗೋಡಂಬಿ, ಪಚ್ಚಕರ್ಪೂರ ಬೆರೆಸಿ ಮತ್ತೆ ಉಂಡೆ ಕಟ್ಟುವುದು ನನ್ನ ಪಾಲಿಗೆ ಬಂತು. ಅಡುಗೆಯಲ್ಲಿ ನಾನು ಅಷ್ಟಕ್ಕಷ್ಟೇ. ಪಚ್ಚಕರ್ಪೂರ ಕೈಜಾರಿ ಹೆಚ್ಚೇ ಬಿತ್ತು. ತಿಂದವರಿಗೆ ಗರ್ಭಗುಡಿಯನ್ನೇ ಕಚ್ಚಿದ ಹಾಗಾಗಿರಬೇಕು.

ಚಿಕ್ಕಮ್ಮ ತಟ್ಟೆ ಹಿಡಿದು, ತಲೆಯ ಮೇಲಿನ ಸೆರಗು ಬಿಗಿ ಮಾಡಿಕೊಂಡು ಹೊರಟಳು. ಎಷ್ಟು ಹೊತ್ತಾದರೂ ವಾಪಸ್ಸು ಬರಲಿಲ್ಲ. ತಲೆ ಸುತ್ತಿ ಬಿದ್ದಳೇನೋ ಎಂದು ಹುಡುಕಿಕೊಂಡು ಹೋದರೆ, ಮೂರನೇ ಮನೆಯಲ್ಲಿ ಮಜ್ಜಿಗೆ ಕುಡಿಯುತ್ತ ರೇಷ್ಮೆಗೂಡಿನ ಧಾರಣೆಯ ಬಗ್ಗೆ ವಾದ ಮಾಡುತ್ತಿದ್ದಾಳೆ. ಸೆರಗು ಹೆಗಲ ಮೇಲಿತ್ತು. ಮಾರನೆಯ ದಿನದಿಂದ ತರಕಾರಿಗೆ ಅವಳೇ ಹೋಗತೊಡಗಿದಳು.

ಎರಡು ವರ್ಷದಲ್ಲಿ ಕೂದಲು ಹೆಗಲಿಗಿಳಿಯಿತು. ನಾವು ಕಣ್ತುಂಬ ನೋಡುವಷ್ಟರಲ್ಲಿ, "ಪ್ರಸಾದ ಹಂಚಾಗೈತೆ, ಮುಡಿ ಬಾಕಿ ಐತಲ್ಲ," ಎಂದು ಹೋದ ವಾರ ನಿಜಕ್ಕೂ ತಿರುಪತಿಗೆ ಹೋಗಿ ಕೊಟ್ಟುಬಂದಳು. ಬಂದವಳೇ ಲಾಡು ಹಿಡಿದು ಎದುರು ಮನೆಗೆ ಹೋಗಿ, ಅವತ್ತು ಹೇಳಿದ್ದು ಸುಳ್ಳು, ತನಗೆ ಬಂದಿದ್ದು ಕ್ಯಾನ್ಸರ್ ಎಂದಳಂತೆ.

"ನಮಗೆ ಅವತ್ತೇ ಗೊತ್ತಿತ್ತಕ್ಕಾ," ಎಂದರಂತೆ ಮುನಿಲಕ್ಷ್ಮಮ್ಮ. "ಗ್ಯಾಸ್ಟ್ರಿಕ್ಕಿಗೆ ಯಾರಿಗಾದ್ರೂ ಕೂದಲು ಹೋಗ್ತದಾ? ಪ್ರಸಾದ ಕೇಳ್ದೆ ಇದ್ದಿದ್ರೆ ನೀವು ಬಾಗಿಲು ಹಾಕ್ಕೊಂಡು ಒಳಗೇ ಕೂತುಬಿಡ್ತಿದ್ರಿ. ಆದ್ರೆ ಆ ಲಾಡು ಮಾತ್ರ ತಿನ್ನಕ್ಕಾಗಲಿಲ್ಲ ಕಣಕ್ಕಾ."

ಫೋನಿನಲ್ಲಿ ಇದನ್ನು ಹೇಳುತ್ತ ಚಿಕ್ಕಮ್ಮ ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ, ಫೋನಿಟ್ಟ ಮೇಲೆ ಅತ್ತುಬಿಟ್ಟೆ. ಎಲ್ಲ ಗೊತ್ತಿದ್ದೂ ಆ ಕರ್ಪೂರದುಂಡೆಯನ್ನು ಇಡೀ ಬೀದಿ ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡಿತ್ತಲ್ಲ.

ಇಲ್ಲಿ ಚಿಕ್ಕಬಳ್ಳಾಪುರದಲ್ಲಿ, ನಮ್ಮ ಬೀದಿಯ ಮೂಲೆಮನೆಯ ಟೀಚರ್ ಹೋದ ತಿಂಗಳು ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಆಸ್ಪತ್ರೆಯಿಂದ ಬಂದರು. ಅಂದಿನಿಂದ ಅವರ ಬಾಗಿಲು ಮುಚ್ಚಿಯೇ ಇದೆ. ಏನು ಮಾತಾಡಬೇಕೆಂದು ತೋಚದೆ ನಾನೂ ಅವರ ಗೇಟಿನ ತನಕ ಹೋಗಿ ವಾಪಸ್ಸು ಬಂದವಳೇ. ಇವತ್ತು ಸ್ಟೀಲ್ ಬಟ್ಟಲಿಗೆ ಲಾಡು ಹಾಕಿಕೊಂಡು ಹೋಗಿ ಬೆಲ್ ಒತ್ತಿದೆ. ಬಾಗಿಲು ಸ್ವಲ್ಪವೇ ತೆರೆದು ಕೈಯೊಂದು ಮುಂದೆ ಬಂತು.

"ತಿರುಪತಿ ಪ್ರಸಾದ ಮೇಡಂ. ಬಟ್ಟಲಿಗೇನೂ ಅವಸರ ಇಲ್ಲ, ಆದ್ರೆ ನೀವೇ ತಂದ್ಕೊಡಬೇಕು."

ಬಟ್ಟಲು ಹಿಡಿದ ಕೈ ಒಳಗೆ ಹೋಯಿತು, ಬಾಗಿಲು ಇನ್ನಷ್ಟು ತೆರೆಯಿತು.

"ನಿಮ್ಮನೆ ಯಾವುದು?" ಎನ್ನುತ್ತ ಅವರು ಹೊಸಿಲು ದಾಟಿ ಹೊರಗೆ ಬಂದು, ಬೀದಿಯ ಉದ್ದಕ್ಕೂ ನೋಡಿದರು.